ಹಳೆಯ ಪತ್ರಿಕೆಗಳಲ್ಲಿ ಊರಿನ ಚರಿತ್ರೆ ಹುಡುಕುವ ಬಗೆ

ತಾಲ್ಲೂಕು ಕೇಂದ್ರವೊಂದರ ಹೆಸರು ರಾಜಧಾನಿಯ ಪತ್ರಿಕೆಯಲ್ಲಿ ಅಚ್ಚಾಗಬೇಕಾದರೆ ಅಲ್ಲಿ ಗೋಲಿಬಾರು ನಡೆದಿರಬೇಕು, ಮಂತ್ರಿಗಳು ಬಂದುಹೋಗಿರಬೇಕು, ಇಲ್ಲವೇ ಹೊಳೆ ಉಕ್ಕಿ ಸೇತುವೆ ಕೊಚ್ಚಿಹೋಗಿರಬೇಕು. ಉಳಿದ ದಿನಗಳಲ್ಲಿ ಪತ್ರಿಕೆಯ ಮಟ್ಟಿಗೆ ಆ ಊರು ಇಲ್ಲವೇ ಇಲ್ಲ. ಹಳೆಯ ಪತ್ರಿಕೆಗಳಿಂದ ಊರಿನ ಚರಿತ್ರೆ ಕಟ್ಟಲು ಹೊರಡುವವರು ಈ ಸಂಗತಿಯನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ಪತ್ರಿಕೆಯ ಕಟಿಂಗ್ ಒಂದು ಸುಳಿವು ಮಾತ್ರ. ಅದರ ಹಿಂದುಮುಂದಿನ ಸಂಚಿಕೆಗಳು, ಬೆನ್ನಿನ ಜಾಹೀರಾತು, ಮೂಲೆಯ ಪ್ರಕಟಣೆ, ಕಚೇರಿಯ ಕಡತ, ಹಿರಿಯರ ನೆನಪು ಇವೆಲ್ಲ ಜೊತೆಗೂಡಿದಾಗ ಅದು ಚರಿತ್ರೆಯ ಆಧಾರವಾಗುತ್ತದೆ.

ಬರಿಯ ಸೂಚನೆಗಳನ್ನು ಕೊಡುವುದಕ್ಕಿಂತ ಒಂದು ಊರನ್ನು ಇಟ್ಟುಕೊಂಡು ಹೇಳುವುದು ಮೇಲೆಂದು ಶಿವಮೊಗ್ಗ ಜಿಲ್ಲೆಯ ಸಾಗರವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. 1951ರ ಏಪ್ರಿಲ್ 18ರಂದು ಈ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರ ಅಲ್ಲಿನ ಜಗಳದ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರು ಮುಂದಾಳುತನ ವಹಿಸಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಸಣ್ಣ ಊರೊಂದು ಕೆಲವು ತಿಂಗಳ ಕಾಲ ರಾಜ್ಯದ, ಒಮ್ಮೊಮ್ಮೆ ದೇಶದ ಸುದ್ದಿಯಾದದ್ದಕ್ಕೆ ಇದು ಒಳ್ಳೆಯ ಮಾದರಿ.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ನಮ್ಮೂರಿನ ಇತಿಹಾಸ" ಎಂಬುದು ಹುಡುಕಾಟಕ್ಕೆ ಒದಗುವ ವಿಷಯವಲ್ಲ. ದಿನಪತ್ರಿಕೆಯ ಒಂದು ವರ್ಷವೆಂದರೆ ಮುನ್ನೂರಕ್ಕೂ ಹೆಚ್ಚು ಸಂಚಿಕೆಗಳು. ಪ್ರಶ್ನೆ ಹರಡಿಕೊಂಡಿದ್ದರೆ ಮೂರನೆಯ ತಿಂಗಳಿಗೇ ಕಣ್ಣು ಸೋಲುತ್ತದೆ. ಊರಿಗೆ ವಿದ್ಯುತ್ ಬಂದದ್ದು ಯಾವಾಗ, ಪುರಸಭೆಯ ಮೊದಲ ಚುನಾವಣೆ ಹೇಗೆ ನಡೆಯಿತು, ಇಂಥ ವರ್ಷದ ಪ್ಲೇಗಿಗೆ ಜನ ಊರು ಬಿಟ್ಟು ಎಲ್ಲಿ ಬಿಡಾರ ಹಾಕಿದರು ಎಂಬಂಥ ಒಂದು ಪ್ರಶ್ನೆಯನ್ನು ಹಿಡಿದು, ಅದಕ್ಕೆ ಆರಂಭದ ಮತ್ತು ಕೊನೆಯ ದಿನಾಂಕವನ್ನು ಅಂದಾಜಿಗಾದರೂ ಗುರುತು ಮಾಡಿಕೊಳ್ಳಬೇಕು. ಕಾಗೋಡಿನ ವಿಷಯದಲ್ಲಿ 1951ರ ಮಾರ್ಚ್‌ನಿಂದ ಆ ವರ್ಷದ ಕೊನೆಯವರೆಗೆ ಎಂದು ಗಡಿ ಹಾಕಿಕೊಂಡರೆ ಆರಂಭಕ್ಕೆ ಸಾಕು. ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದ 1952ರ ವಿಧಾನಸಭಾ ಚುನಾವಣೆಯ ಸುದ್ದಿಯನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಬಹುದು.

ದಿನಾಂಕಗಳನ್ನು ಗೊತ್ತು ಮಾಡಿಕೊಳ್ಳಲು ಬಿ.ಎಲ್. ರೈಸ್ ಮತ್ತು ಸಿ. ಹಯವದನರಾಯರ ಗೆಜೆಟಿಯರುಗಳು, ಆಮೇಲಿನ ಜಿಲ್ಲಾ ಗೆಜೆಟಿಯರುಗಳು, ಶಾಲೆ, ಬ್ಯಾಂಕು ಮತ್ತು ಸಹಕಾರ ಸಂಘಗಳ ಸ್ಮರಣ ಸಂಚಿಕೆಗಳು ನೆರವಾಗುತ್ತವೆ. ಸ್ಮರಣ ಸಂಚಿಕೆಯ ಹೊಗಳಿಕೆಯನ್ನು ಪಕ್ಕಕ್ಕಿಟ್ಟು ಇಸವಿಗಳನ್ನು ಮಾತ್ರ ಬರೆದುಕೊಳ್ಳುವುದು ಕ್ಷೇಮ.

ಆ ಕಾಲದಲ್ಲಿ ಊರು ಯಾವ ಸರ್ಕಾರದಡಿಯಲ್ಲಿತ್ತು?

1956ರ ನವೆಂಬರ್ 1ಕ್ಕೆ ಮುಂಚಿನ ಯಾವ ವಿಷಯವನ್ನು ಹುಡುಕುವುದಾದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು, ಏಕೆಂದರೆ ಊರಿನ ಸುದ್ದಿ ಯಾವ ಪತ್ರಿಕೆಗೆ ಹೋಗುತ್ತಿತ್ತು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಭಾಷೆಗಿಂತ ಹೆಚ್ಚಾಗಿ ಆಡಳಿತ. ಸಾಗರ ಮೈಸೂರು ರಾಜ್ಯದಲ್ಲಿತ್ತು. ಆದ್ದರಿಂದ ಬೆಂಗಳೂರಿನ ತಾಯಿನಾಡು ಮತ್ತು 1948ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಜಾವಾಣಿಯಂಥ ಪತ್ರಿಕೆಗಳಿಂದ ಹುಡುಕಾಟ ತೊಡಗಬೇಕು. ಸಾಗರದ ಪಕ್ಕದಲ್ಲೇ ಇರುವ ಸಿದ್ದಾಪುರ ಅಂದು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಸುದ್ದಿಗೆ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, ಕರ್ಮವೀರ, ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳು, ಕೆಲವೊಮ್ಮೆ ಮರಾಠಿಯ ಕೇಸರಿಯನ್ನೂ ನೋಡಬೇಕಾಗುತ್ತದೆ. ದಕ್ಷಿಣ ಕನ್ನಡದವರು ಮಂಗಳೂರಿನ ಪತ್ರಿಕೆಗಳ ಜೊತೆಗೆ ಮದರಾಸಿನ ಹಿಂದೂ ಪತ್ರಿಕೆಯನ್ನು ತೆರೆಯಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿನೊಂದಿಗಿತ್ತು. ಬೀದರ್, ಕಲಬುರಗಿ, ರಾಯಚೂರುಗಳ ಮಟ್ಟಿಗೆ ಹೈದರಾಬಾದಿನ ಉರ್ದು ಪತ್ರಿಕೆಗಳನ್ನು ಬಿಟ್ಟರೆ ಅರ್ಧ ಚರಿತ್ರೆಯೇ ಕೈತಪ್ಪುತ್ತದೆ. ಉರ್ದು ಬಾರದವರು ಊರಿನ ಹಳೆಯ ಉರ್ದು ಶಿಕ್ಷಕರೊಬ್ಬರನ್ನು ಜೊತೆಗೆ ಸೇರಿಸಿಕೊಂಡೇ ಈ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಆಡಳಿತ ಬದಲಾದಂತೆ ಪದಗಳೂ ಬದಲಾಗುತ್ತವೆ. ಮೈಸೂರಿನ ಪತ್ರಿಕೆಯಲ್ಲಿ ಅಮಲ್ದಾರರೆಂದು ಬರುವವರು ಮುಂಬಯಿ ಪ್ರಾಂತ್ಯದ ಪತ್ರಿಕೆಯಲ್ಲಿ ಮಾಮಲೇದಾರರು. ಊರಿನ ಹೆಸರುಗಳದ್ದು ಇನ್ನೂ ದೊಡ್ಡ ಗೊಂದಲ. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದೂ, ರಾಮನಗರವನ್ನು ಕ್ಲೋಸ್‌ಪೇಟೆ ಎಂದೂ, ಕುಶಾಲನಗರವನ್ನು ಫ್ರೇಜರ್‌ಪೇಟೆ ಎಂದೂ, ಭದ್ರಾವತಿಯನ್ನು ಬೆಂಕಿಪುರ ಎಂದೂ ಹುಡುಕಬೇಕು. ಕನ್ನಡದಲ್ಲೇ ಶಿವಮೊಗ್ಗವು ಶಿವಮೊಗ್ಗೆಯಾಗಿ ಅಚ್ಚಾಗಿರುತ್ತದೆ. ಸಾಗರವನ್ನು ಇಂಗ್ಲಿಷ್ ಪತ್ರಿಕೆಗಳ ಗಣಕ ಸಂಗ್ರಹದಲ್ಲಿ ಹುಡುಕಿದರೆ ಮಧ್ಯಪ್ರದೇಶದ ಸಾಗರವೂ ಕೃಷ್ಣರಾಜಸಾಗರವೂ ರಾಶಿ ರಾಶಿಯಾಗಿ ಬರುತ್ತವೆ. ಅದರ ಜೊತೆಗೆ ಶಿವಮೊಗ್ಗ, ತಾಳಗುಪ್ಪ, ಜೋಗ, ಅಡಿಕೆ, ಗೇಣಿ ಎಂಬಂಥ ಇನ್ನೊಂದು ಪದವನ್ನು ಸೇರಿಸದೆ ಪ್ರಯೋಜನವಿಲ್ಲ. ಹೀಗೆ ಊರು, ಹೋಬಳಿ, ಹೊಳೆ, ಹುದ್ದೆ, ಮುಖ್ಯರ ಹೆಸರು ಇವುಗಳ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ಗ್ರಂಥಾಲಯದ ಮೆಟ್ಟಿಲು ಹತ್ತಿ.

ಹುಡುಕಾಟ ಮನೆಗಳಿಂದ ಶುರುವಾಗಲಿ

ಪತ್ರಾಗಾರಕ್ಕೆ ಹೋಗುವ ಮುನ್ನ ಊರಿನೊಳಗೇ ಒಂದು ಸುತ್ತು ಹಾಕುವುದು ಲಾಭದಾಯಕ. ನಿವೃತ್ತ ಶಿಕ್ಷಕರು, ವಕೀಲರು, ಹಳೆಯ ಮುದ್ರಣಾಲಯದವರು, ಪತ್ರಿಕೆಯ ಏಜೆಂಟರು, ಸುದ್ದಿ ಕಳಿಸುತ್ತಿದ್ದ ಬಾತ್ಮೀದಾರರು, ಚುನಾವಣೆಗೆ ನಿಂತವರು, ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಪಡೆದವರು, ಇಂಥವರ ಮನೆಗಳಲ್ಲಿ ಕಟಿಂಗ್‌ಗಳ ಫೈಲು ಇರುವ ಸಂಭವ ಹೆಚ್ಚು. ಪಿಂಚಣಿಯ ಅರ್ಜಿಗೆ ಆಧಾರವಾಗಿ ಪತ್ರಿಕೆಯ ತುಣುಕನ್ನು ಜೋಪಾನ ಮಾಡಿದ ಕುಟುಂಬಗಳೂ ಉಂಟು. ಹಳೆಯ ಟ್ರಂಕಿನ ತಳಕ್ಕೆ, ಗೋಡೆಬೀರುವಿನ ಹಲಗೆಗೆ, ದೇವರ ಪಟದ ಹಿಂಬದಿಗೆ ಹಾಸಿದ ಕಾಗದವನ್ನೂ ಒಮ್ಮೆ ನೋಡಿ.

ಕೇಳುವ ರೀತಿಯೂ ಮುಖ್ಯ. "ಹಳೆಯ ಪೇಪರ್ ಇದೆಯೇ" ಎಂದರೆ ಇಲ್ಲವೆಂಬ ಉತ್ತರ ಬರುತ್ತದೆ, ಏಕೆಂದರೆ ರದ್ದಿಯನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. "ಅಜ್ಜನವರ ಹೆಸರು ಪೇಪರಿನಲ್ಲಿ ಬಂದಿತ್ತಂತೆ" ಎಂದು ವಿಷಯ ತೆಗೆದರೆ ಮನೆಯ ಹಿರಿಯ ಹೆಂಗಸರೊಬ್ಬರಿಗೆ ಅದು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ನೆನಪಾಗುತ್ತದೆ. ಮೂಲ ಪ್ರತಿಯನ್ನು ಮನೆಯಿಂದ ಹೊರಗೆ ಒಯ್ಯುವುದು ಬೇಡ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಅಳತೆಪಟ್ಟಿಯಿಟ್ಟು ಅಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಎರಡೂ ಬದಿಯದನ್ನು ತೆಗೆದುಕೊಳ್ಳಿ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಉಳಿದಿರುವ ಮರದ ಅಂಶ ಬೆಳಕಿಗೂ ಗಾಳಿಗೂ ಹಳದಿಗಟ್ಟಿ, ಹುಳಿಯೇರಿ, ಮಡಿಕೆಯಲ್ಲಿ ಮುರಿಯುತ್ತದೆ. ಸೆಲ್ಲೋಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಇವೆರಡೂ ಕಾಗದವನ್ನು ಉಳಿಸುವ ಹೆಸರಿನಲ್ಲಿ ಹಾಳುಮಾಡುವ ಕೆಲಸಗಳು. ಲ್ಯಾಮಿನೇಷನ್ ಅಂಗಡಿಗೆ ಹೊರಟವರನ್ನು ದಾರಿಯಲ್ಲೇ ತಡೆಯುವುದು ಸಂಶೋಧಕರ ಕರ್ತವ್ಯಗಳಲ್ಲಿ ಒಂದು.

ದಿನಾಂಕವಿಲ್ಲದ ತುಣುಕಿನ ಕಾಲ ತಿಳಿಯುವುದು

ಮನೆಗಳಲ್ಲಿ ಸಿಗುವ ಕಟಿಂಗ್‌ಗಳ ದೊಡ್ಡ ದೋಷವೆಂದರೆ ಪತ್ರಿಕೆಯ ಹೆಸರೂ ದಿನಾಂಕವೂ ಕತ್ತರಿಗೆ ಹೋಗಿರುವುದು. ಕತ್ತರಿಸಿದವರಿಗೆ ಅವೆರಡೂ ಗೊತ್ತಿದ್ದವು, ಬರೆದಿಡುವ ಅಗತ್ಯ ಅವರಿಗೆ ಕಾಣಲಿಲ್ಲ. ಆಗ ತುಣುಕನ್ನು ಮಗುಚಿ ಬೆನ್ನಿನ ಬದಿಯನ್ನು ಓದಬೇಕು. ಮುಂಬದಿಯಲ್ಲಿ ಹಾರ ಹಾಕಿಸಿಕೊಳ್ಳುತ್ತಿರುವ ಮುಖಂಡರ ಚಿತ್ರವಿದ್ದರೆ, ಹಿಂಬದಿಯಲ್ಲಿ ಅರ್ಧ ತುಂಡಾದ ಅಡಿಕೆ ಧಾರಣೆ, ರೈಲಿನ ವೇಳಾಪಟ್ಟಿ, ಹರಾಜಿನ ನೋಟೀಸು, ರೇಡಿಯೊ ಕಾರ್ಯಕ್ರಮ ಇರುತ್ತವೆ. ಕಾಲನಿರ್ಣಯಕ್ಕೆ ಮುಖಂಡರಿಗಿಂತ ಅಡಿಕೆಯೇ ಹೆಚ್ಚು ಉಪಯುಕ್ತ.

ಕೆಲವು ಗಡಿರೇಖೆಗಳನ್ನು ನೆನಪಿಟ್ಟುಕೊಂಡರೆ ಸಾಕು. ಬೆಲೆಗಳು ರೂಪಾಯಿ, ಆಣೆಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು; ಹೊಸ ಪದ್ಧತಿ ಬಂದ ಮೇಲೂ ಜನ ಆಣೆಯ ಲೆಕ್ಕವನ್ನೇ ಆಡುತ್ತಿದ್ದುದರಿಂದ ಒಂದೆರಡು ವರ್ಷದ ಸಡಿಲ ಬಿಡಬೇಕು. "ನಯಾ ಪೈಸೆ" ಎಂದಿದ್ದರೆ 1957 ಮತ್ತು 1964ರ ನಡುವಿನದು. ಸೇರು, ಮಣ, ಖಂಡುಗಗಳ ಜಾಗದಲ್ಲಿ ಕಿಲೋಗ್ರಾಮು, ಕ್ವಿಂಟಾಲು ಕಾಣಿಸಿಕೊಳ್ಳುವುದು ಅದೇ ಹೊತ್ತಿಗೆ, ಸ್ವಲ್ಪ ಸ್ವಲ್ಪವಾಗಿ. ವಿಳಾಸದ ಕೊನೆಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದೆ ಹೋಗಲಾರದು. ಸರ್ಕಾರಿ ಪ್ರಕಟಣೆಯಲ್ಲಿ ರಾಜ್ಯದ ಹೆಸರು ಮೈಸೂರು ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು, ಕರ್ನಾಟಕ ಎಂದಿದ್ದರೆ ಆ ದಿನದಿಂದ ಈಚೆಗೆ. ಸಂವತ್ಸರದ ಹೆಸರು ಸಿಕ್ಕರೆ ಇನ್ನೂ ಅನುಕೂಲ: 1951ರ ಯುಗಾದಿಯಿಂದ ಮುಂದಿನದು ಖರ ಸಂವತ್ಸರ, ಮತ್ತೆ ಖರ ಬಂದದ್ದು 2011ರಲ್ಲಿ, ಅರವತ್ತು ವರ್ಷದ ಈ ಅಂತರದಲ್ಲಿ ಯಾವುದೆಂದು ಕಾಗದವನ್ನು ನೋಡಿದರೇ ತಿಳಿಯುತ್ತದೆ. ಸಿನೆಮಾ ಜಾಹೀರಾತನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಸಣ್ಣ ಊರಿನ ಟೂರಿಂಗ್ ಟಾಕೀಸಿಗೆ ಚಿತ್ರ ತಲುಪುತ್ತಿದ್ದದ್ದು ಬಿಡುಗಡೆಯಾಗಿ ಎಷ್ಟೋ ಕಾಲದ ಮೇಲೆ, ಮತ್ತೆ ಮತ್ತೆ. ಆದ್ದರಿಂದ ತುಣುಕು ಚಿತ್ರದ ಬಿಡುಗಡೆಗಿಂತ ಹಳೆಯದಲ್ಲ ಎಂಬಷ್ಟನ್ನೇ ಅದು ಹೇಳಬಲ್ಲದು.

ಸುದ್ದಿಯ ದಿನಾಂಕ, ಘಟನೆಯ ದಿನಾಂಕ, ಸಂಚಿಕೆಯ ದಿನಾಂಕ ಈ ಮೂರೂ ಬೇರೆಬೇರೆ ಎಂಬುದನ್ನೂ ಮರೆಯಬಾರದು. ಮಲೆನಾಡಿನ ಬಾತ್ಮೀದಾರರು ಅಂಚೆಯಲ್ಲಿ ಕಳಿಸಿದ ವರದಿ ಬೆಂಗಳೂರು ಮುಟ್ಟಿ ಅಚ್ಚಾಗಲು ದಿನಗಳು ಹಿಡಿಯುತ್ತಿದ್ದವು. ತಂತಿಯ ಖರ್ಚಿಗೆ ಅರ್ಹವಾದ ಸುದ್ದಿಗಳು ಕಡಿಮೆ. 1951ರ ಏಪ್ರಿಲ್ 21ರ ಶನಿವಾರದ ಸಂಚಿಕೆಯಲ್ಲಿ "ಕಳೆದ ಬುಧವಾರ" ಎಂದಿದ್ದರೆ ಅದು 18ನೆಯ ತಾರೀಖು. ಆದರೆ ಅದೇ ವರದಿಯ ತಲೆಯಲ್ಲಿ "ಸಾಗರ, 16" ಎಂದಿದ್ದರೆ ಬರೆದವರ ಬುಧವಾರ 11ನೆಯ ತಾರೀಖಾಗುತ್ತದೆ. ವರದಿಯ ತಲೆಯಲ್ಲಿರುವ ಊರು ಮತ್ತು ತಾರೀಖನ್ನು ಬಿಟ್ಟು ನಕಲು ಮಾಡಿಕೊಂಡರೆ ಒಂದು ವಾರದ ವ್ಯತ್ಯಾಸ ಹೀಗೆ ಸದ್ದಿಲ್ಲದೆ ನುಸುಳುತ್ತದೆ.

ಗ್ರಂಥಾಲಯ ಮತ್ತು ಪತ್ರಾಗಾರ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಮಿಥಿಕ್ ಸೊಸೈಟಿ, ಕನ್ನಡ ಸಾಹಿತ್ಯ ಪರಿಷತ್ತು, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಬಾಸೆಲ್ ಮಿಶನ್ನಿನ ದಾಖಲೆಗಳಿರುವ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಇವು ಮೊದಲು ವಿಚಾರಿಸಬೇಕಾದ ಸ್ಥಳಗಳು. ಹೊರಡುವ ಮುನ್ನ ಯಾವ ಪತ್ರಿಕೆಯ ಯಾವ ವರ್ಷದ ಬೈಂಡ್ ಸಂಪುಟಗಳಿವೆ ಎಂದು ಪತ್ರ ಬರೆದೋ ಫೋನ್ ಮಾಡಿಯೋ ತಿಳಿದುಕೊಳ್ಳಿ. ಗುರುತಿನ ಚೀಟಿಯನ್ನೂ, ಕಾಲೇಜು ಅಥವಾ ಸಂಘಸಂಸ್ಥೆಯೊಂದರ ಪರಿಚಯ ಪತ್ರವನ್ನೂ ಒಯ್ಯಿರಿ. ರಾಜ್ಯದೊಳಗೆ ಸಿಗದಿದ್ದರೆ ಹೊರಗೆ ನೋಡಬೇಕು. ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕಡ್ಡಾಯವಾಗಿ ಒಪ್ಪಿಸಬೇಕೆಂಬ 1954ರ ಕಾಯಿದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಯಿತು. ಆದ್ದರಿಂದ ಆ ಬಳಿಕದ ಪತ್ರಿಕೆಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಚೆನ್ನೈನ ಕನ್ನೆಮರ ಗ್ರಂಥಾಲಯದಲ್ಲಿ ಕೇಳಿನೋಡಬಹುದು. ದೆಹಲಿಯ ತೀನ್ ಮೂರ್ತಿ ಆವರಣದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮೈಕ್ರೊಫಿಲ್ಮ್ ಸಂಗ್ರಹ ದೊಡ್ಡದಿದೆ.

ಪತ್ರಿಕೆಯೇ ಎಲ್ಲಿಯೂ ಉಳಿಯದಿದ್ದಾಗ ಇನ್ನೊಂದು ದಾರಿಯಿದೆ. ಬ್ರಿಟಿಷರ ಕಾಲದಲ್ಲಿ ಮದರಾಸು, ಮುಂಬಯಿ ಸರ್ಕಾರಗಳು ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ಕಣ್ಣಿಡಲು ಅವುಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ವಾರವಾರವೂ ಗುಪ್ತವಾಗಿ ಅಚ್ಚುಮಾಡಿಸುತ್ತಿದ್ದವು. ಒಂದು ಪ್ರತಿಯೂ ಉಳಿಯದ ಎಷ್ಟೋ ಕನ್ನಡ ವಾರಪತ್ರಿಕೆಗಳ ಮಾತುಗಳು ಈ ವರದಿಗಳಲ್ಲಿ ಉಳಿದುಕೊಂಡಿವೆ. ಸರ್ಕಾರಕ್ಕೆ ತಲೆನೋವಾದದ್ದನ್ನೇ ಅನುವಾದಕರು ಎತ್ತಿಕೊಳ್ಳುತ್ತಿದ್ದರೆಂಬ ಅರಿವಿಟ್ಟುಕೊಂಡು ಅವನ್ನು ಓದಬೇಕು.

ಸಂಪುಟ ಕೈಗೆ ಬಂದ ಮೇಲೆ ಬೇಕಾದ ಸುದ್ದಿಯನ್ನಷ್ಟೇ ಕಂಡು ಮುಚ್ಚಬೇಡಿ. ಅದರ ಹಿಂದಿನ ಹದಿನೈದು ದಿನ, ಮುಂದಿನ ಒಂದು ತಿಂಗಳ ಸಂಚಿಕೆಗಳನ್ನು ತಿರುವಿಹಾಕಿ. ತಿದ್ದುಪಡಿ, ಸ್ಪಷ್ಟೀಕರಣ, ಓದುಗರ ಪತ್ರ, ಶಾಸನಸಭೆಯ ಪ್ರಶ್ನೋತ್ತರ, ನ್ಯಾಯಾಲಯದ ತೀರ್ಪು ಬರುವುದು ಆಮೇಲೆಯೇ. ನನ್ನ ಅಭಿಪ್ರಾಯದಲ್ಲಿ ಸಣ್ಣ ಊರಿನ ಚರಿತ್ರೆಗೆ ಸುದ್ದಿಗಿಂತ ಪ್ರಕಟಣೆಗಳೇ ದೊಡ್ಡ ಗಣಿ. ಯಾವ ಅಂಗಡಿ ಯಾರಿಂದ ಯಾರಿಗೆ ಹೋಯಿತು, ಯಾವ ಸಾಲಕ್ಕೆ ಯಾವ ಗದ್ದೆ ಹರಾಜಿಗೆ ಬಂತು, ಬಸ್ಸು ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು, ಮಾರಿಜಾತ್ರೆಯ ಅಂಗಡಿ ಜಾಗದ ಹರಾಜು ಯಾವ ದಿನ, ಇವನ್ನೆಲ್ಲ ಅಂಕಣದ ತಳದ ಪುಟ್ಟ ಅಕ್ಷರಗಳು ಹೇಳುತ್ತವೆ, ಮತ್ತು ಅವಕ್ಕೆ ಯಾರನ್ನೂ ಮೆಚ್ಚಿಸುವ ಉದ್ದೇಶವಿರುವುದಿಲ್ಲ.

ಅಂತರಜಾಲದ ಸಂಗ್ರಹಗಳನ್ನು, ಅಂದರೆ ಇಂಟರ್ನೆಟ್ ಆರ್ಕೈವ್, ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಮುಂತಾದವನ್ನು, ಬಳಸಿ. ಆದರೆ ಪದ ಹುಡುಕಾಟದ ಮೇಲೆ ಭರವಸೆ ಇಡಬೇಡಿ. ಮೊಳೆ ಜೋಡಿಸಿ ಅಚ್ಚಾದ ಹಳೆಯ ಕನ್ನಡ ಪುಟದ ಮಸುಕಾದ ಒತ್ತಕ್ಷರ, ಅರ್ಕಾವತ್ತುಗಳನ್ನು ಗಣಕ ಸರಿಯಾಗಿ ಓದಲಾರದು. ವಕಾರ, ಪಕಾರ, ಮಕಾರಗಳು ಅದಕ್ಕೆ ಒಂದರಂತೆ ಇನ್ನೊಂದು ಕಾಣುತ್ತವೆ. ಹುಡುಕಾಟದಲ್ಲಿ ಬರಲಿಲ್ಲ ಎಂದರೆ ಸುದ್ದಿ ಇಲ್ಲವೆಂದು ಅರ್ಥವಲ್ಲ. ದಿನಾಂಕ ಹಿಡಿದು ಪುಟ ಪುಟವಾಗಿ ನೋಡುವುದೇ ಈಗಲೂ ನಂಬಬಹುದಾದ ವಿಧಾನ.

ಬರೆದಿಡುವ ಕ್ರಮ

ಪ್ರತಿ ತುಣುಕಿಗೂ ಒಂದು ಸಾಲು: ಪತ್ರಿಕೆಯ ಹೆಸರು, ಸಂಚಿಕೆಯ ದಿನಾಂಕ, ಪುಟ, ಅಂಕಣ, ವರದಿಯ ತಲೆಯಲ್ಲಿರುವ ಊರು ಮತ್ತು ತಾರೀಖು, ಮೂಲ ಎಲ್ಲಿದೆ, ಬೆನ್ನಿನಲ್ಲಿ ಏನಿದೆ. ಚಿತ್ರದ ಕಡತಕ್ಕೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಹೆಸರಿಡಿ. 1951-04-21 ಎಂದು ಆರಂಭಿಸಿದರೆ ಗಣಕವೇ ಕಾಲಾನುಕ್ರಮಕ್ಕೆ ಜೋಡಿಸುತ್ತದೆ. ಊಹಿಸಿದ ದಿನಾಂಕವನ್ನು ಚೌಕ ಕಂಸದೊಳಗೆ ಹಾಕಿ, ಊಹೆಯ ಆಧಾರವನ್ನು ಪಕ್ಕದಲ್ಲೇ ಬರೆಯಿರಿ. ಹಳೆಯ ಕಾಗುಣಿತವನ್ನು ತಿದ್ದದೆ ಇದ್ದಹಾಗೆಯೇ ನಕಲು ಮಾಡಿಕೊಳ್ಳಿ.

ಪತ್ರಿಕೆ ಹೇಳಿದ್ದನ್ನು ಒರೆಗೆ ಹಚ್ಚುವುದು

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಲಾಯಿತು. ಸತ್ತವರು ಎಷ್ಟು ಎಂಬ ಪ್ರಶ್ನೆಗೆ ಸರ್ಕಾರಿ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಜನರ ಲೆಕ್ಕ ಮೂವತ್ತನ್ನು ದಾಟುತ್ತದೆ. ಇಂಥಲ್ಲಿ ಎರಡನ್ನೂ ಕೂಡಿಸಿ ಭಾಗಿಸಿ ನಡುವಿನ ಸಂಖ್ಯೆಯೊಂದನ್ನು ಹೇಳುವುದು ಚರಿತ್ರೆಯಲ್ಲ. ಯಾವ ಸಂಖ್ಯೆಯನ್ನು ಯಾರು, ಯಾವ ದಿನ, ಯಾರ ಮಾತಿನ ಮೇಲೆ ಹೇಳಿದರು ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಮೊದಲ ದಿನದ ಅಂಕಿಯನ್ನೂ ವಾರದ ನಂತರದ ಅಂಕಿಯನ್ನೂ ಬೇರೆಯಾಗಿಯೇ ಇಡಬೇಕು.

ಮೌನವನ್ನೂ ಓದಲು ಕಲಿಯಬೇಕು. ಮೈಸೂರಿನಲ್ಲಿ 1908ರ ಪತ್ರಿಕಾ ನಿಬಂಧನೆ ಬಂದ ಮೇಲೆ, ಅಥವಾ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯಲ್ಲಿ, ಊರಿನಲ್ಲಿ ಏನೂ ನಡೆಯಲಿಲ್ಲವೆಂಬಂತೆ ಪತ್ರಿಕೆ ಕಂಡರೆ ಅದಕ್ಕೆ ಕಾರಣ ಊರಿನಲ್ಲಿಲ್ಲ. ಇನ್ನೊಂದು ಬಗೆಯ ಮೌನ ಇದಕ್ಕಿಂತ ಆಳವಾದದ್ದು. ಅಂದಿನ ಬಾತ್ಮೀದಾರರು ಸಾಮಾನ್ಯವಾಗಿ ಓದುಬರಹ ಬಲ್ಲ ವರ್ತಕರು, ವಕೀಲರು, ಉಪಾಧ್ಯಾಯರು. ಎಷ್ಟೋ ಕಡೆ ತಾವೇ ಜಮೀನಿದ್ದವರು. ಕಾಗೋಡಿನಲ್ಲಿ ಗದ್ದೆ ಉಳುತ್ತಿದ್ದ ದೀವರು ಪತ್ರಿಕೆಗೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಆದಕಾರಣ ಪತ್ರಿಕೆಯಲ್ಲಿ ನಾಯಕರ ಭಾಷಣ, ಸರ್ಕಾರದ ಹೇಳಿಕೆ, ಬಂಧನದ ಸುದ್ದಿ ಸಿಕ್ಕಷ್ಟು ಸುಲಭವಾಗಿ ಕೊಳಗ ಹಿಡಿದು ಭತ್ತ ಅಳೆದು ಕೊಟ್ಟವರ ಮಾತು ಸಿಗುವುದಿಲ್ಲ. ಹೆಂಗಸರ ಮಾತಂತೂ ಇನ್ನೂ ದೂರ.

ಆ ಕೊರತೆಯನ್ನು ತುಂಬಲು ಪತ್ರಿಕೆಯ ಪ್ರತಿಯನ್ನೇ ಊರಿಗೆ ತಂದು ಹಿರಿಯರ ಮುಂದೆ ಓದಿ. "ಆಗ ಏನಾಯಿತು ಹೇಳಿ" ಎಂದು ಕೇಳುವುದಕ್ಕಿಂತ, "ಹೀಗೆ ಬರೆದಿದ್ದಾರೆ, ಸರಿಯೇ?" ಎಂದು ಕೇಳಿದರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ, ಪತ್ರಿಕೆಯ ತಪ್ಪುಗಳೂ ಹೊರಬೀಳುತ್ತವೆ. ಅವರ ಮನೆಯಲ್ಲಿ ಹಳೆಯ ಕೊಳಗವಿದ್ದರೆ ಅದರ ಅಳತೆ ತೆಗೆದುಕೊಳ್ಳಿ. ಆಮೇಲೆ ಕಚೇರಿಯ ದಾಖಲೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇಲೆ ಗೇಣಿದಾರರು ಹಾಕಿದ ಡಿಕ್ಲರೇಷನ್‌ಗಳು, ಭೂನ್ಯಾಯ ಮಂಡಳಿಯ ಆದೇಶಗಳು, ಹಳೆಯ ಪಹಣಿಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗುವಂತಿದ್ದರೆ, 1951ರ ಸುದ್ದಿಯಲ್ಲಿ ಹೆಸರಿಲ್ಲದೆ "ಕೆಲವು ರೈತರು" ಎಂದಷ್ಟೇ ಇದ್ದವರಿಗೆ ಸರ್ವೆ ನಂಬರು ಸಹಿತ ಹೆಸರು ದೊರೆಯುತ್ತದೆ.

ಪ್ರಕಟಿಸುವ ಮುನ್ನ

ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹೆಸರಿಲ್ಲದೆ ಪ್ರಕಟವಾದ ಬರಹಕ್ಕೆ ಪ್ರಕಟಣೆಯಾದ ನಂತರದ 60 ವರ್ಷ ರಕ್ಷಣೆಯಿರುತ್ತದೆ. ಲೇಖಕರ ಹೆಸರಿದ್ದರೆ ಅವರ ಮರಣಾನಂತರದ 60 ವರ್ಷ. ಆ ಅವಧಿಯೊಳಗಿನ ತುಣುಕನ್ನು ಪೂರ್ತಿಯಾಗಿ ಮರುಮುದ್ರಿಸುವುದಾದರೆ ಪತ್ರಿಕೆಯ ಅನುಮತಿ ಕೇಳಿ. ಕಾನೂನಿಗಿಂತ ಸೂಕ್ಷ್ಮವಾದದ್ದು ಊರಿನ ಮರ್ಯಾದೆ. ಹಳೆಯ ಪತ್ರಿಕೆಗಳು ಕಳವು, ಆತ್ಮಹತ್ಯೆ, ದಾಂಪತ್ಯದ ಜಗಳಗಳನ್ನು ಹೆಸರು, ಜಾತಿ ಸಹಿತ ಅಚ್ಚು ಹಾಕುತ್ತಿದ್ದವು, ಮತ್ತು ಆ ಮನೆಯವರ ಮೊಮ್ಮಕ್ಕಳು ಈಗಲೂ ಅದೇ ಬೀದಿಯಲ್ಲಿದ್ದಾರೆ. ಸಾರ್ವಜನಿಕ ಹುದ್ದೆಯಲ್ಲಿದ್ದವರ ಹೆಸರನ್ನು ಉಳಿಸಿಕೊಂಡು ಉಳಿದವರದನ್ನು ಬಿಡುವುದರಿಂದ ಚರಿತ್ರೆಗೆ ನಷ್ಟವಾಗುವುದು ಅಪರೂಪ.

ತುಣುಕು ಕೊಟ್ಟ ಮನೆಗೆ ಅದರ ಒಳ್ಳೆಯ ಮುದ್ರಿತ ಪ್ರತಿಯೊಂದನ್ನು ತಲುಪಿಸಿ. ನಿಮ್ಮ ಸೂಚಿಯ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಕಾಲೇಜಿನ ಇತಿಹಾಸ ವಿಭಾಗಕ್ಕೂ ಕೊಟ್ಟು, ಯಾವ ಪತ್ರಿಕೆಯ ಯಾವ ತಿಂಗಳುಗಳನ್ನು ನೋಡಿದ್ದೀರಿ, ಯಾವ ತಿಂಗಳುಗಳು ಸಿಗಲೇ ಇಲ್ಲ ಎಂಬ ಪಟ್ಟಿಯನ್ನು ಅದರ ಮೊದಲ ಪುಟದಲ್ಲೇ ಹಾಕಿಡಿ.